ಆಪರೇಷನ್ ಯಶಸ್ವಿ ಅಂದರೆ ಏನು? ಓದುಗರ ಪ್ರಶ್ನೆಗಳಿಗೆ ಉತ್ತರ

ಶಸ್ತ್ರಚಿಕಿತ್ಸೆಯ ಫಲಿತಾಂಶ ಮತ್ತು ಸರ್ಜನ್‌ಗಳ ಕೆಲಸದ ಬಗ್ಗೆ ಈಚೆಗೆ ಬಂದಿರುವ ಅಧ್ಯಯನಗಳನ್ನು ಕುರಿತು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ತಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಕಳಿಸಿ ಅಭಿಪ್ರಾಯ ಕೇಳಿದವರು ಬೇಸರಿಸಬಾರದು. ಮುಟ್ಟಿ ಪರೀಕ್ಷಿಸದೆ ಯಾರಿಗೂ ಆಪರೇಷನ್ ಬೇಕು, ಬೇಡ ಎಂದು ಹೇಳಲಾಗದು.

ಪ್ರಶ್ನೆ: ನಮ್ಮ ತಂದೆಗೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಆಪರೇಷನ್ ಆಗಬೇಕಾಗಿದೆ. ಸರ್ಜನ್, "ಇದುವರೆಗೆ ಐವತ್ತು ಮಾಡಿದ್ದೇನೆ, ಒಬ್ಬರೂ ತೀರಿಕೊಂಡಿಲ್ಲ" ಅಂದರು. ನಾವು ನಿಶ್ಚಿಂತೆಯಿಂದ ಇರಬಹುದೇ?

ಅವರು ಹೇಳಿದ್ದು ಪೂರ್ತಿ ನಿಜವೇ ಇರಬಹುದು. ಆದರೂ ಅಪಾಯ ಸೊನ್ನೆ ಎಂದು ಅದರಿಂದ ತೀರ್ಮಾನಿಸುವಂತಿಲ್ಲ. ಸಂಖ್ಯಾಶಾಸ್ತ್ರದವರು ಬಳಸುವ ಒಂದು ಸುಲಭ ಲೆಕ್ಕ ಇದೆ: ಇಷ್ಟು ಆಪರೇಷನ್‌ಗಳಲ್ಲಿ ಒಂದೂ ಸಾವಿಲ್ಲ ಎಂದಾಗ, 3ನ್ನು ಆ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 50 ಅಂದರೆ ಶೇ 6. ನಿಜವಾದ ಅಪಾಯ ಸೊನ್ನೆಯಿಂದ ಶೇ 6ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದಷ್ಟೇ ಆ ಐವತ್ತು ಕೇಸುಗಳು ಹೇಳುತ್ತವೆ. ನಿಜವಾದ ಸಾವಿನ ಪ್ರಮಾಣ ಶೇ 2 ಇರುವ ಸರ್ಜನ್‌ಗೂ ಸತತ ಐವತ್ತು ಕೇಸು ಸಾವಿಲ್ಲದೆ ಸಾಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅದೇ ಮಾತನ್ನು ಮುನ್ನೂರು ಕೇಸು ಮಾಡಿದವರು ಹೇಳಿದರೆ ಮೇಲಿನ ಮಿತಿ ಶೇ 1ಕ್ಕೆ ಇಳಿಯುತ್ತದೆ. ಆಗ ಅದಕ್ಕೆ ತೂಕ ಬರುತ್ತದೆ.

ಇನ್ನು "ತೀರಿಕೊಂಡಿಲ್ಲ" ಅಂದರೆ ಎಲ್ಲಿಯವರೆಗೆ? ಆಸ್ಪತ್ರೆಯಿಂದ ಹೊರಡುವವರೆಗೋ, 30 ದಿನವೋ, 90 ದಿನವೋ? ಪ್ಯಾಂಕ್ರಿಯಾಸ್‌ನಂಥ ದೊಡ್ಡ ಆಪರೇಷನ್‌ಗೆ 90 ದಿನದ ಲೆಕ್ಕವೇ ಪ್ರಾಮಾಣಿಕವಾದದ್ದು. ಏಕೆಂದರೆ ಒಳಗೆ ಹೊಲಿದ ಜೋಡಣೆ ಸೋರಿ, ನಂಜಾಗಿ, ಐಸಿಯುನಲ್ಲಿ ವಾರಗಟ್ಟಲೆ ಹೋರಾಡಿದವರ ಸಾವು 30 ದಿನದ ಗೆರೆ ದಾಟಿಬಿಡುತ್ತದೆ. ಯಾರನ್ನು ಆರಿಸಿಕೊಂಡರು ಎಂಬುದೂ ಮುಖ್ಯ. ಹೃದ್ರೋಗ ಇರುವವರನ್ನೂ ತೀರ ವಯಸ್ಸಾದವರನ್ನೂ ಬೇರೆ ಕಡೆಗೆ ಕಳಿಸಿಬಿಟ್ಟರೆ ಯಾರ ಅಂಕಿ ಬೇಕಾದರೂ ಚೆಂದ ಕಾಣುತ್ತದೆ.

ಸಾವಿನ ಸಂಖ್ಯೆ ಕೇಳಿ ಸುಮ್ಮನಾಗಬೇಡಿ, ತೊಡಕುಗಳನ್ನೂ ಕೇಳಿ. ಅವನ್ನು ಅಳೆಯಲು 2004ರಿಂದ ಬಳಕೆಯಲ್ಲಿರುವುದು ಕ್ಲಾವಿಯನ್-ಡಿಂಡೊ ಶ್ರೇಣಿ. ಮಾಮೂಲಿ ನೋವಿನ ಗುಳಿಗೆ, ವಾಂತಿಯ ಔಷಧಿಗಳಲ್ಲೇ ನಿಭಾಯಿಸಬಹುದಾದದ್ದು 1ನೇ ದರ್ಜೆ, ಆಂಟಿಬಯಾಟಿಕ್ ಅಥವಾ ರಕ್ತ ಕೊಡಬೇಕಾಗಿ ಬಂದರೆ 2ನೇ ದರ್ಜೆ, ಮತ್ತೆ ಓಟಿಗೆ (ಆಪರೇಷನ್ ಥಿಯೇಟರಿಗೆ) ಒಯ್ಯಬೇಕಾದರೆ ಅಥವಾ ನಳಿಗೆ ಹಾಕಿ ಕೀವು ತೆಗೆಯಬೇಕಾದರೆ 3, ಅಂಗ ವೈಫಲ್ಯವಾಗಿ ಐಸಿಯು ಸೇರಿದರೆ 4, ಸಾವು 5. "ನಿಮ್ಮಲ್ಲಿ ಈ ಆಪರೇಷನ್‌ಗೆ 3ನೇ ದರ್ಜೆ ಮತ್ತು ಅದಕ್ಕಿಂತ ಮೇಲಿನ ತೊಡಕು ನೂರಕ್ಕೆ ಎಷ್ಟು?" ಎಂದು ಕೇಳಿ ನೋಡಿ. ತನ್ನ ಫಲಿತಾಂಶವನ್ನು ಬರೆದಿಡುವ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಪ್ರತಿ ರೋಗಿ ಒಂದು ವರ್ಷದ ಮೇಲೆ ಹೇಗಿದ್ದಾನೆ ಎಂದು ಬರೆದಿಡಬೇಕು, ಅದನ್ನು ಬಹಿರಂಗವಾಗಿ ತೋರಿಸಬೇಕು ಎಂದು ಬಾಸ್ಟನ್‌ನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1910ರ ದಶಕದಲ್ಲೇ ಹಟ ಹಿಡಿದಿದ್ದರು. ಸಹೋದ್ಯೋಗಿಗಳಿಗೆ ಅದು ಹಿಡಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಹೆಚ್ಚು ಆಪರೇಷನ್ ಮಾಡುವ ಕಡೆಗೇ ಹೋಗಬೇಕು ಅನ್ನುತ್ತಾರೆ. ಹರ್ನಿಯಾಕ್ಕೂ ದೊಡ್ಡ ಆಸ್ಪತ್ರೆ ಹುಡುಕಬೇಕೇ?

ಬೇಡ. 2002ರಲ್ಲಿ ಅಮೆರಿಕದ ಸುಮಾರು 25 ಲಕ್ಷ ಆಪರೇಷನ್‌ಗಳನ್ನು ನೋಡಿದ ಅಧ್ಯಯನದಲ್ಲಿ, ಪ್ಯಾಂಕ್ರಿಯಾಸ್ ತೆಗೆಯುವ ಆಪರೇಷನ್‌ನಲ್ಲಿ ಸಾವಿನ ಪ್ರಮಾಣ ತೀರ ಕಡಿಮೆ ಕೇಸು ಮಾಡುವ ಆಸ್ಪತ್ರೆಗಳಲ್ಲಿ ಶೇ 16.3, ತುಂಬ ಮಾಡುವ ಕಡೆ ಶೇ 3.8. ಕತ್ತಿನ ರಕ್ತನಾಳದ ಅಡಚಣೆ ತೆಗೆಯುವ ಆಪರೇಷನ್‌ನಲ್ಲಿ ಮಾತ್ರ ಶೇ 1.7 ಮತ್ತು ಶೇ 1.5, ಇಷ್ಟೇ ವ್ಯತ್ಯಾಸ. ಅನ್ನನಾಳ, ಪ್ಯಾಂಕ್ರಿಯಾಸ್‌ಗಳಂಥ ಅಪರೂಪದ, ಕಷ್ಟದ ಆಪರೇಷನ್‌ಗೆ ದೂರವಾದರೂ ಹೋಗಿ. ದಿನನಿತ್ಯದ ಆಪರೇಷನ್‌ಗೆ ಆ ಅಲೆದಾಟ ಬೇಕಿಲ್ಲ. ಅದನ್ನೇ ನಿತ್ಯ ಮಾಡುವ ಸರ್ಜನ್ ಹತ್ತಿರದಲ್ಲೇ ಇದ್ದರೆ ಅವರೇ ಸಾಕು.

ಕೈಚಳಕವೂ ಸುಳ್ಳಲ್ಲ ಅನ್ನಿ. 2013ರಲ್ಲಿ ಮಿಷಿಗನ್‌ನ 20 ಬೊಜ್ಜು ಶಸ್ತ್ರಚಿಕಿತ್ಸಕರು ತಮ್ಮ ಒಂದೊಂದು ಆಪರೇಷನ್‌ನ ವಿಡಿಯೊ ಕೊಟ್ಟರು. ಯಾರದೆಂದು ಹೇಳದೆ ಅವನ್ನು ಸಹ ಸರ್ಜನ್‌ಗಳಿಗೆ ತೋರಿಸಿ 1ರಿಂದ 5ರವರೆಗೆ ಅಂಕ ಹಾಕಿಸಿದರು. ಕೆಳಗಿನ ಕಾಲು ಭಾಗದಲ್ಲಿ ಬಂದವರ ರೋಗಿಗಳಲ್ಲಿ ತೊಡಕು ಶೇ 14.5, ಮೇಲಿನ ಕಾಲು ಭಾಗದವರಲ್ಲಿ ಶೇ 5.2. ನುರಿತ ಕಣ್ಣಿಗೆ ಒಂದೇ ವಿಡಿಯೊದಲ್ಲಿ ಇದು ಕಾಣುತ್ತದೆ ಅನ್ನುವುದು ನಮ್ಮವರಿಗೇ ಮುಜುಗರ ತಂದ ಸಂಗತಿ.

ಪ್ರಶ್ನೆ: ನನಗೆ 68 ವರ್ಷ. ದೊಡ್ಡ ಕರುಳಿನ ಆಪರೇಷನ್ ಇದೆ. ಟೇಬಲ್ ಮೇಲೆಯೇ ಪ್ರಾಣ ಹೋದರೆ ಎಂಬ ಭಯಕ್ಕೆ ನಿದ್ದೆ ಬರುತ್ತಿಲ್ಲ, ಡಾಕ್ಟರೇ.

ಅಮ್ಮ, ಈ ಭಯ ಎಲ್ಲರಿಗೂ ಇರುವಂಥದ್ದೇ. ಆದರೆ ಭಯ ಪಡುವ ಜಾಗ ಅದಲ್ಲ. 14 ದೇಶಗಳಲ್ಲಿ 45 ವರ್ಷ ದಾಟಿದ 40,004 ಜನರನ್ನು (ಹೃದಯದ ಆಪರೇಷನ್ ಬಿಟ್ಟು) 30 ದಿನ ಹಿಂಬಾಲಿಸಿದ 'ವಿಷನ್' ಎಂಬ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ತೀರಿಕೊಂಡವರು ಶೇ 1.8. ಆ ಸಾವುಗಳಲ್ಲಿ ಆಪರೇಷನ್ ಥಿಯೇಟರಿನಲ್ಲಿ ಆದವು ಶೇ 0.7 ಮಾತ್ರ. ಶೇ 69.9 ಆದದ್ದು ಆಪರೇಷನ್ ಮುಗಿದ ಮೇಲೆ ಆಸ್ಪತ್ರೆಯಲ್ಲಿ. ಉಳಿದ ಶೇ 29.4 ಡಿಸ್ಚಾರ್ಜ್ ಆದ ಮೇಲೆ. ಮುಖ್ಯ ಕಾರಣಗಳು ಮೂರು: ರಕ್ತಸ್ರಾವ, ಹೃದಯದ ಸ್ನಾಯುವಿಗೆ ಆದ ಪೆಟ್ಟು, ನಂಜು.

ಇದರ ಜೊತೆಗೆ 2009ರ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಬೇಕು. ಅಮೆರಿಕದ 186 ಆಸ್ಪತ್ರೆಗಳಲ್ಲಿ ಸಾವು ಅತಿ ಕಡಿಮೆ ಇದ್ದವನ್ನೂ ಅತಿ ಹೆಚ್ಚು ಇದ್ದವನ್ನೂ ಹೋಲಿಸಿದರು. ಸಾವು ಶೇ 3.5 ಮತ್ತು ಶೇ 6.9, ಹತ್ತಿರಹತ್ತಿರ ಎರಡು ಪಟ್ಟು. ಆದರೆ ತೊಡಕುಗಳು ಶೇ 24.6 ಮತ್ತು ಶೇ 26.9, ಹೆಚ್ಚುಕಡಿಮೆ ಒಂದೇ. ಹಾಗಾದರೆ ಎಲ್ಲಿ ಬೇರೆಯಾದವು? ದೊಡ್ಡ ತೊಡಕು ಬಂದವರಲ್ಲಿ ಸತ್ತವರು ಒಂದು ಕಡೆ ಶೇ 12.5, ಇನ್ನೊಂದು ಕಡೆ ಶೇ 21.4. ಅಂದರೆ ಒಳ್ಳೆಯ ಆಸ್ಪತ್ರೆಯಲ್ಲೂ ತೊಡಕು ಬರುತ್ತದೆ. ಅವರು ಬೇಗ ಕಂಡುಹಿಡಿದು ರೋಗಿಯನ್ನು ಎಳೆದು ತರುತ್ತಾರೆ. ಸರ್ಜನ್‌ನ ಹೆಸರು ವಿಚಾರಿಸುವವರು ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಯಾರಿರುತ್ತಾರೆ ಎಂದು ವಿಚಾರಿಸುವುದಿಲ್ಲ. ಎಷ್ಟು ರೋಗಿಗಳಿಗೆ ಒಬ್ಬ ನರ್ಸ್? ನಡುರಾತ್ರಿ ಸಿಟಿ ಸ್ಕ್ಯಾನ್ ಆಗುತ್ತದೆಯೇ? ರಕ್ತ ಅಲ್ಲೇ ಸಿಗುತ್ತದೆಯೇ? ಮತ್ತೆ ಹೊಟ್ಟೆ ತೆರೆಯಬೇಕಾದರೆ ಅರಿವಳಿಕೆ ತಜ್ಞರು ಎಷ್ಟು ಹೊತ್ತಿಗೆ ಬಂದಾರು? ನಮ್ಮನ್ನು ಕೇಳಿದರೆ ಸರ್ಜನ್ ವಿದೇಶದಲ್ಲಿ ಓದಿದ್ದಾರೆಯೇ ಎನ್ನುವುದಕ್ಕಿಂತ ಇವೇ ಹೆಚ್ಚು ಬೆಲೆಯುಳ್ಳ ಪ್ರಶ್ನೆಗಳು.

ಏನು ಕೈತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಕರುಳಿನ ಜೋಡಣೆ ಸೋರುವುದು ಸಾಮಾನ್ಯವಾಗಿ ಮೊದಲ ದಿನ ಅಲ್ಲ, ಐದರಿಂದ ಏಳನೇ ದಿನದ ಆಸುಪಾಸು. ಬೇಗ ಮನೆಗೆ ಕಳಿಸುವ ಈ ಕಾಲದಲ್ಲಿ ಆ ಹೊತ್ತಿಗೆ ರೋಗಿ ಮನೆ ಸೇರಿರುತ್ತಾರೆ. ಮೊದಲ ಸುಳಿವು ಬಹಳ ಸಲ ಜ್ವರವಲ್ಲ, ಕಾರಣವಿಲ್ಲದೆ ಏರಿದ ನಾಡಿಬಡಿತ. ಇನ್ನೊಂದು ಸುಳಿವು ಉಸಿರಿನ ವೇಗ. ವಾರ್ಡಿನ ಚಾರ್ಟ್‌ಗಳಲ್ಲಿ ಎಣಿಸದೆಯೇ ಅಂದಾಜಿಗೆ ಬರೆದುಬಿಡುವ ಅಂಕಿ ಅದೇ. ಹೃದಯಕ್ಕಾದ ಪೆಟ್ಟಿನಲ್ಲಿ ಎದೆನೋವು ಬರುವುದು ಕಡಿಮೆ, ಯಾಕೆಂದರೆ ಗಾಯದ ನೋವಿಗೆ ಕೊಟ್ಟ ಔಷಧಿ ಅದನ್ನೂ ಮುಚ್ಚಿಹಾಕುತ್ತದೆ. ಅಪಾಯ ಹೆಚ್ಚಿರುವವರಿಗೆ ಮೊದಲ ಎರಡು ಮೂರು ದಿನ ಟ್ರೊಪೊನಿನ್ ರಕ್ತಪರೀಕ್ಷೆ ಮಾಡಿದರಷ್ಟೇ ಅದು ಸಿಕ್ಕಿಬೀಳುತ್ತದೆ.

ಮನೆಗೆ ಬಂದ ಮೇಲೆ ದಿನಕ್ಕೆರಡು ಸಲ ಕುಳಿತು ನಾಡಿ ಎಣಿಸಿ, ಜ್ವರ ನೋಡಿ, ಒಂದು ಕಾಗದದಲ್ಲಿ ಬರೆಯಿರಿ. ವಿಶ್ರಾಂತಿಯಲ್ಲೂ ನಾಡಿ ನೂರರ ಮೇಲೆ ನಿಂತರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಮೂತ್ರ ತೀರ ಕಡಿಮೆಯಾದರೆ, ಒಂದು ಮೀನಖಂಡ ಮಾತ್ರ ಊದಿಕೊಂಡರೆ, ಉಸಿರು ಕಟ್ಟಿದರೆ, ಮಾತು ಗೊಂದಲವಾದರೆ, ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮದು ಕ್ಯಾನ್ಸರ್ ಆಪರೇಷನ್ ಆಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ ನಾಲ್ಕು ವಾರ ಬೇಕೇ ಎಂದು ಹೊರಡುವ ಮುಂಚೆಯೇ ಕೇಳಿ. ಆಸ್ಪತ್ರೆಯಲ್ಲಿ ಶುರು ಮಾಡಿ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಲು ಮರೆಯುವುದು ತೀರ ಅಪರೂಪವೇನಲ್ಲ.

ಪ್ರಶ್ನೆ: ಮಹಿಳಾ ಸರ್ಜನ್‌ಗಳ ಫಲಿತಾಂಶ ಉತ್ತಮ ಎಂದು ಸುದ್ದಿ ಬಂದಿತ್ತು. ನಿಜವೇ?

ಅಂಕಿಗಳು ಹಾಗೇ ಹೇಳುತ್ತವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 11 ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವು, ಮರುದಾಖಲಾತಿ, ತೊಡಕು ಮೂರನ್ನೂ ಸೇರಿಸಿ 90 ದಿನದಲ್ಲಿ ಪುರುಷ ಸರ್ಜನ್‌ಗಳ ರೋಗಿಗಳಲ್ಲಿ ಶೇ 13.9, ಮಹಿಳೆಯರ ರೋಗಿಗಳಲ್ಲಿ ಶೇ 12.5. ವಯಸ್ಸು, ಕಾಯಿಲೆ, ಆಪರೇಷನ್ ಬಗೆ ಇವನ್ನೆಲ್ಲ ಸರಿದೂಗಿಸಿದ ಮೇಲೂ ವ್ಯತ್ಯಾಸ ಉಳಿಯಿತು. ಅದೇ ವರ್ಷ ಸ್ವೀಡನ್‌ನಲ್ಲಿ ಪಿತ್ತಕೋಶದ ಒಂದೂವರೆ ಲಕ್ಷ ಆಪರೇಷನ್‌ಗಳನ್ನು ನೋಡಿದಾಗ ಮಹಿಳೆಯರು ತುಸು ನಿಧಾನ, ತೊಡಕು ಕಡಿಮೆ ಎಂದು ಕಂಡಿತು.

ಇವು ದಾಖಲೆ ನೋಡಿ ಮಾಡಿದ ಅಧ್ಯಯನಗಳು, ಚೀಟಿ ಎತ್ತಿ ರೋಗಿಗಳನ್ನು ಹಂಚಿದ ಪ್ರಯೋಗಗಳಲ್ಲ. ಕಷ್ಟದ ಕೇಸು ಯಾರ ಪಾಲಿಗೆ ಹೆಚ್ಚು ಬರುತ್ತದೆ ಎಂಬುದನ್ನು ದಾಖಲೆಯಿಂದ ಪೂರ್ತಿ ಅಳೆಯಲಾಗದು. ನಿಮ್ಮ ಮುಂದಿರುವ ಇಬ್ಬರು ಸರ್ಜನ್‌ಗಳಲ್ಲಿ ಒಬ್ಬರನ್ನು ಲಿಂಗ ನೋಡಿ ಆರಿಸಲು ಈ ಅಂಕಿ ಸಾಲದು, ಏಕೆಂದರೆ ಒಬ್ಬ ಸರ್ಜನ್‌ಗೂ ಇನ್ನೊಬ್ಬ ಸರ್ಜನ್‌ಗೂ ಇರುವ ಅಂತರ ಈ ಸರಾಸರಿ ಅಂತರಕ್ಕಿಂತ ಬಹಳ ದೊಡ್ಡದು. ಹುಡುಗಿಯರಿಗೆ ಸರ್ಜರಿ ಯಾಕೆ ಅನ್ನುವವರ ಬಾಯಿ ಮುಚ್ಚಿಸಲು ಮಾತ್ರ ಧಾರಾಳವಾಗಿ ಸಾಕು.

ಪ್ರಶ್ನೆ: ಪಿತ್ತಕೋಶದ ಕಲ್ಲಿಗೆ ರೋಬೋಟ್ ಆಪರೇಷನ್ ಮಾಡಿಸಿ, ಹೆಚ್ಚು ನಿಖರ ಅನ್ನುತ್ತಿದ್ದಾರೆ. ಖರ್ಚೂ ಹೆಚ್ಚು. ಏನು ಮಾಡಲಿ?

ಈ ಆಪರೇಷನ್‌ನಲ್ಲಿ ಎಲ್ಲಕ್ಕಿಂತ ಹೆದರಬೇಕಾದದ್ದು ಮುಖ್ಯ ಪಿತ್ತನಾಳ ಕತ್ತರಿಸಿಹೋಗುವುದು. ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಹಿರಿಯ ರೋಗಿಗಳ ದಾಖಲೆಗಳನ್ನು ನೋಡಿದ 2023ರ ಅಧ್ಯಯನದಲ್ಲಿ, ದುರಸ್ತಿ ಬೇಕಾಗುವಂಥ ಪಿತ್ತನಾಳದ ಗಾಯ ರೋಬೋಟ್‌ನಲ್ಲಿ ಶೇ 0.7, ಸಾಮಾನ್ಯ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತಿನ ಆಪರೇಷನ್) ಶೇ 0.2. ರೋಬೋಟ್ ಕೆಟ್ಟದ್ದು ಎಂದಲ್ಲ. ಲ್ಯಾಪರೊಸ್ಕೋಪಿಯಲ್ಲಿ ಪಳಗಿದ ಕೈ ಹೊಸ ಯಂತ್ರದಲ್ಲಿ ಮತ್ತೆ ಕಲಿಯಬೇಕಾಗುತ್ತದೆ. ಆ ಕಲಿಕೆಯ ಬೆಲೆ ಯಾರ ಮೇಲೋ ಬೀಳುತ್ತದೆ. ಜೊತೆಗೆ, ಹಳೆಯ ವಿಧಾನವೇ ಚೆನ್ನಾಗಿರುವ ಕಡೆ ಹೊಸದಕ್ಕೆ ಉತ್ತಮಪಡಿಸಲು ಉಳಿದಿರುವುದಾದರೂ ಎಷ್ಟು?

ನಾಳ ಕತ್ತರಿಸುವುದು ಕೈ ನಡುಗಿ ಅಲ್ಲ. ಹೆಚ್ಚಿನ ಸಲ ಕಣ್ಣು ಮೋಸಹೋಗಿ: ಉರಿಯೂತದಿಂದ ಎಲ್ಲ ಅಂಟಿಕೊಂಡಿರುವಾಗ ಮುಖ್ಯ ನಾಳವನ್ನೇ ಪಿತ್ತಕೋಶದ ನಾಳ ಎಂದು ತಿಳಿದು ಕ್ಲಿಪ್ ಹಾಕಿಬಿಡುತ್ತಾರೆ. ಇದನ್ನು ತಪ್ಪಿಸಲು ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಹೆಸರಿಟ್ಟ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' ಎಂಬ ಕ್ರಮ ಇದೆ. ಕ್ಲಿಪ್ ಹಾಕುವ ಮುಂಚೆ ಮೂರು ಕಾಣಬೇಕು. ಪಿತ್ತಕೋಶ ಮತ್ತು ಲಿವರ್ ನಡುವಿನ ತ್ರಿಕೋನದಲ್ಲಿ ಕೊಬ್ಬು, ನಾರು ಎಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬೇರ್ಪಟ್ಟಿರಬೇಕು. ಪಿತ್ತಕೋಶದ ಒಳಗೆ ಎರಡೇ ಎರಡು ಕೊಳವೆಗಳು ಹೋಗುತ್ತಿರಬೇಕು, ಮೂರನೆಯದಿರಬಾರದು. ಕಾಣದಿದ್ದರೆ ಮುಂದುವರಿಯದೆ, ಪಿತ್ತಕೋಶದ ಒಂದು ಭಾಗವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ತೆಗೆಯುವುದೋ ಹೊಟ್ಟೆ ತೆರೆಯುವುದೋ ಹೆಚ್ಚು ಅನುಭವಿಗಳನ್ನು ಕರೆಸುವುದೋ ಜಾಣತನ. "ಕೀಹೋಲ್ ಅಂದಿದ್ದಿರಿ, ಯಾಕೆ ಕುಯ್ದಿರಿ" ಎಂದು ಜಗಳ ತೆಗೆಯುವ ಸಂಬಂಧಿಕರಿಗೆ ಈ ಮಾತು.

ಸಣ್ಣ ತೂತಿನ ಆಪರೇಷನ್ ಯಾವಾಗಲೂ ಒಳ್ಳೆಯದೇ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು 2018ರ 'ಎಲ್‌ಎಸಿಸಿ' ಪ್ರಯೋಗ. ಮೊದಲ ಹಂತದ ಗರ್ಭಕಂಠದ ಕ್ಯಾನ್ಸರ್ ಇದ್ದ 631 ಮಹಿಳೆಯರಲ್ಲಿ ಅರ್ಧ ಜನಕ್ಕೆ ಹೊಟ್ಟೆ ತೆರೆದು, ಉಳಿದರ್ಧಕ್ಕೆ ಲ್ಯಾಪರೊಸ್ಕೋಪಿ ಅಥವಾ ರೋಬೋಟ್‌ನಿಂದ ಗರ್ಭಕೋಶ ತೆಗೆದರು. ನಾಲ್ಕೂವರೆ ವರ್ಷದಲ್ಲಿ ಕ್ಯಾನ್ಸರ್ ಮರಳದೆ ಬದುಕಿದ್ದವರು ತೆರೆದ ಗುಂಪಿನಲ್ಲಿ ಶೇ 96.5, ಸಣ್ಣ ತೂತಿನ ಗುಂಪಿನಲ್ಲಿ ಶೇ 86. ಚೀಟಿ ಎತ್ತಿ ಹಂಚಿದ ಪ್ರಯೋಗ ಮಾಡದಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಮೊದಲ ತಿಂಗಳಲ್ಲಿ ಸಣ್ಣ ಗಾಯದವರೇ ಚುರುಕಾಗಿ ಓಡಾಡುತ್ತಾರೆ.

ಪ್ರಶ್ನೆ: ನಾನು ಓಟಿ ನರ್ಸ್. ಸೇಫ್ಟಿ ಚೆಕ್‌ಲಿಸ್ಟ್ ತುಂಬುವುದು ಬರೀ ಕಾಗದದ ಕೆಲಸ ಆಗಿದೆ. ಇದರಿಂದ ಸಾವು ಅರ್ಧಕ್ಕಿಳಿಯಿತು ಅನ್ನುವುದು ಉತ್ಪ್ರೇಕ್ಷೆ ಅಲ್ಲವೇ ಸರ್?

ಅರ್ಧಕ್ಕಿಳಿದದ್ದೂ ನಿಜ, ಬೇರೆ ಕಡೆ ಹಾಗೆ ಇಳಿಯದಿದ್ದದ್ದೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿಯನ್ನು ದೆಹಲಿ, ಮನಿಲಾ, ಲಂಡನ್ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದಾಗ ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕು ಶೇ 11ರಿಂದ ಶೇ 7ಕ್ಕೆ ಇಳಿದಿತ್ತು. 2014ರಲ್ಲಿ ಒಂಟಾರಿಯೊದ 101 ಆಸ್ಪತ್ರೆಗಳ ಲೆಕ್ಕ ಬಂತು: ಸಾವು ಶೇ 0.71ರಿಂದ ಶೇ 0.65. ಇದು ಆಕಸ್ಮಿಕವಾಗಿಯೂ ಆಗಬಹುದಾದಷ್ಟು ಸಣ್ಣ ಬದಲಾವಣೆ. ಮೊದಲನೆಯದರಲ್ಲಿ ತಂಡಗಳನ್ನು ಕೂರಿಸಿ ತರಬೇತಿ ಕೊಟ್ಟು ಬಳಸಿದ್ದರು. ಎರಡನೆಯದರಲ್ಲಿ ಸರ್ಕಾರದ ಆದೇಶದ ಮೇರೆಗೆ ಟಿಕ್ ಹಾಕಿದ್ದರು. ಇದು ನಮ್ಮ ಓದು, ಇದನ್ನು ಒಪ್ಪದವರೂ ಇದ್ದಾರೆ.

ನಿಮ್ಮ ಓಟಿಯಲ್ಲಿ ನೋಡಿ: ಪಟ್ಟಿ ಓದಲು ನಿಲ್ಲಬೇಕಾದ ಮೂರು ನಿಲುಗಡೆಗಳಲ್ಲಿ ಅರಿವಳಿಕೆ ಕೊಡುವ ಮುಂಚಿನದು ಸಾಮಾನ್ಯವಾಗಿ ಸರಿಯಾಗಿ ಆಗುತ್ತದೆ. ಹೆಸರು, ಜಾಗದ ಗುರುತು, ಅಲರ್ಜಿ, ಆಕ್ಸಿಮೀಟರ್, ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗಬಹುದೇ (ಮಕ್ಕಳಲ್ಲಿ ಕಿಲೋಗೆ 7 ಮಿಲಿ) ಎಂಬ ಪ್ರಶ್ನೆ. ಚರ್ಮ ಕುಯ್ಯುವ ಮುಂಚಿನದು ಅರ್ಧಂಬರ್ಧ. ಸರ್ಜನ್ ಕೈ ತೊಳೆಯುತ್ತಿರುವಾಗಲೇ ಯಾರೋ ಓದಿ ಮುಗಿಸಿರುತ್ತಾರೆ. ರೋಗಿ ಹೊರಡುವ ಮುಂಚಿನದು ಆಗುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಸರ್ಜನ್ ಗ್ಲೌಸ್ ಕಿತ್ತು ಹೊರಟಿರುತ್ತಾರೆ. ಬಯಾಪ್ಸಿ ಡಬ್ಬಿಗೆ ತಪ್ಪು ಹೆಸರು ಅಂಟುವುದೂ ಹತ್ತಿಯ ಪ್ಯಾಡಿನ ಎಣಿಕೆ ತಪ್ಪುವುದೂ ಆ ಹಂತದಲ್ಲೇ. ಪರಿಹಾರ ಸರಳ: ಕೊನೆಯ ಪದರದ ಹೊಲಿಗೆ ಶುರುವಾಗುವಾಗ, ಸರ್ಜನ್ ಇನ್ನೂ ಟೇಬಲ್ ಪಕ್ಕದಲ್ಲಿರುವಾಗಲೇ ಅದನ್ನು ಮಾಡಿ. ಎಣಿಕೆಯನ್ನು ಒಬ್ಬರು ಎಣಿಸಿ ಇನ್ನೊಬ್ಬರು ಬರೆಯುವುದಲ್ಲ, ಇಬ್ಬರೂ ನೋಡುತ್ತ ಗಟ್ಟಿಯಾಗಿ ಎಣಿಸಬೇಕು. ಎಲ್ಲರೂ ತಮ್ಮ ಹೆಸರು ಹೇಳಿಕೊಳ್ಳುವ ಅಂಶವನ್ನು ನಾಟಕ ಎಂದು ಬಿಡಬೇಡಿ. ಆರಂಭದಲ್ಲಿ ಒಮ್ಮೆ ಬಾಯಿ ಬಿಟ್ಟವರು, ಮುಂದೆ ಏನೋ ತಪ್ಪು ಕಂಡಾಗ ಹೇಳಲು ಅಷ್ಟು ಅಳುಕುವುದಿಲ್ಲ.

ಪ್ರಶ್ನೆ: ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ ನಾನು. ಗಾಯಕ್ಕೆ ಕೀವಾಗುವುದನ್ನೂ ಆಮೇಲೆ ಹರ್ನಿಯಾ ಬರುವುದನ್ನೂ ತಗ್ಗಿಸಲು ನಮ್ಮ ಕೈಯಲ್ಲಿ ಇರುವುದೇನು?

ಬೇಕಾದಷ್ಟಿದೆ, ಮತ್ತು ಹೆಚ್ಚಿನದಕ್ಕೆ ಹಣ ಬೇಡ.

ಆಂಟಿಬಯಾಟಿಕ್‌ನಿಂದ ಶುರು ಮಾಡಿ. ಸೆಫಜೋಲಿನ್ 2 ಗ್ರಾಂ, ರೋಗಿ 120 ಕಿಲೋ ಅಥವಾ ಮೇಲಿದ್ದರೆ 3 ಗ್ರಾಂ, ಚರ್ಮ ಕುಯ್ಯುವ ಮುಂಚಿನ 60 ನಿಮಿಷದೊಳಗೆ. ವ್ಯಾಂಕೊಮೈಸಿನ್ ನಿಧಾನವಾಗಿ ಹೋಗಬೇಕಾದ್ದರಿಂದ 120 ನಿಮಿಷದೊಳಗೆ. ವಾರ್ಡಿನಲ್ಲೇ ಕೊಟ್ಟು ಕಳಿಸುವುದು ಮಾಮೂಲಿ ತಪ್ಪು. ಹಿಂದಿನ ಕೇಸು ತಡವಾದರೆ ನಿಮ್ಮ ಔಷಧಿಯ ಮಟ್ಟ ಇಳಿದೇ ಹೋಗಿರುತ್ತದೆ. ಆಪರೇಷನ್ ನಾಲ್ಕು ಗಂಟೆ ದಾಟಿದರೆ ಅಥವಾ ಒಂದೂವರೆ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಸೆಫಜೋಲಿನ್ ಮತ್ತೊಂದು ಡೋಸ್. ಹೊಲಿಗೆ ಮುಗಿದ ಮೇಲೆ, ಸೋಂಕು ತಡೆಯಲೆಂದು ಐದು ದಿನ ಮುಂದುವರಿಸುವುದನ್ನು ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಬೇಡ ಎಂದಿದೆ. ಲಾಭವಿಲ್ಲ, ಔಷಧಿಗೆ ಬಗ್ಗದ ರೋಗಾಣು ಮಾತ್ರ ಬೆಳೆಯುತ್ತದೆ.

ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್. ಬ್ಲೇಡ್ ಬೇಡ, ಅದು ಕಣ್ಣಿಗೆ ಕಾಣದ ಗೀರು ಮಾಡುತ್ತದೆ. ರೋಗಿಯ ಮೈ ತಣ್ಣಗಾಗಲು ಬಿಡಬೇಡಿ. 1996ರ ಪ್ರಯೋಗದಲ್ಲಿ ಕರುಳಿನ ಆಪರೇಷನ್ ಆದವರ ಮೈ 34.7 ಡಿಗ್ರಿಗೆ ಇಳಿದಿದ್ದಾಗ ಗಾಯದ ಸೋಂಕು ಶೇ 19, 36.6ರಲ್ಲಿ ಕಾಯ್ದುಕೊಂಡವರಲ್ಲಿ ಶೇ 6. 2022ರ 'ಪ್ರೊಟೆಕ್ಟ್' ಪ್ರಯೋಗದಲ್ಲಿ 35.5ಕ್ಕೂ 37ಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ 37 ಮುಟ್ಟಲೇಬೇಕೆಂದು ಒದ್ದಾಡಬೇಕಿಲ್ಲ, 34ಕ್ಕೆ ಜಾರದಿದ್ದರಾಯಿತು.

ಎಲ್ಲಕ್ಕಿಂತ ಅಗ್ಗದ ಉಪಾಯ 2022ರ 'ಚೀಟಾ' ಪ್ರಯೋಗದ್ದು. ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ 13,301 ರೋಗಿಗಳು. ಹೊಟ್ಟೆ ಮುಚ್ಚುವ ಮುಂಚೆ ಇಡೀ ತಂಡ ಗ್ಲೌಸ್ ಬದಲಿಸಿ, ಹೊಲಿಗೆಗೆ ಬೇರೆಯೇ ಶುದ್ಧ ಸಲಕರಣೆ ತೆಗೆದುಕೊಂಡಿತು. ಸೋಂಕು ಶೇ 18.9ರಿಂದ ಶೇ 16ಕ್ಕೆ ಇಳಿಯಿತು. ಇಲ್ಲಿ ಎಡವುವುದು ಮುಂಚೆಯೇ ತಯಾರಿ ಇಲ್ಲದೆ: ಮುಚ್ಚುವ ಹೊತ್ತಿಗೆ ಸೂಜಿಹಿಡಿಕೆ, ಫೋರ್ಸೆಪ್ಸ್, ಕತ್ತರಿ ಹುಡುಕಲು ಹೊರಟರೆ ಯಾರೂ ಕಾಯುವುದಿಲ್ಲ. ಹೊಲಿಗೆಯ ಸೆಟ್ಟನ್ನು ಮೊದಲೇ ಬೇರೆ ಟ್ರೇಯಲ್ಲಿ ಮುಚ್ಚಿಡಿ.

ಹರ್ನಿಯಾಕ್ಕೆ ಬಂದರೆ, ನೆದರ್ಲೆಂಡ್ಸ್‌ನ 'ಸ್ಟಿಚ್' ಪ್ರಯೋಗವನ್ನು (2015, 560 ರೋಗಿಗಳು) ಬಾಯಿಪಾಠ ಮಾಡಿ. ನಡುಹೊಟ್ಟೆಯ ಗಾಯವನ್ನು ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಚುಚ್ಚಿ 1 ಸೆಂಟಿಮೀಟರಿಗೊಂದು ಹೊಲಿಗೆ ಹಾಕಿದವರಲ್ಲಿ ವರ್ಷದ ಮೇಲೆ ಹರ್ನಿಯಾ ಶೇ 21. 5 ಮಿಲಿಮೀಟರ್ ಒಳಗೆ, 5 ಮಿಲಿಮೀಟರಿಗೊಂದು ಹಾಕಿದವರಲ್ಲಿ ಶೇ 13. ಕಾರಣ ಹೀಗೆ: ದೊಡ್ಡ ಹೊಲಿಗೆ ಕೊಬ್ಬನ್ನೂ ಸ್ನಾಯುವನ್ನೂ ಸೇರಿಸಿ ಹಿಡಿಯುತ್ತದೆ, ಅದು ಹಿಸುಕಿ ಸತ್ತ ಮೇಲೆ ದಾರ ಸಡಿಲವಾಗಿ ಅಂಚುಗಳು ಬಿಟ್ಟುಕೊಳ್ಳುತ್ತವೆ. ಸಣ್ಣ ಹೊಲಿಗೆಯಲ್ಲಿ ಬಿಳಿಯ ಗಟ್ಟಿ ಪದರವನ್ನಷ್ಟೇ ಹಿಡಿಯಬೇಕು. 2-0 ಗಾತ್ರದ ದಾರ, ಸಣ್ಣ ಸೂಜಿ. ಅಂಚುಗಳು ಮುಟ್ಟಿದರೆ ಸಾಕು, ಬಿಗಿದು ಎಳೆದರೆ ಕೆಟ್ಟಿತು. ದಾರದ ಉದ್ದ ಗಾಯದ ಉದ್ದದ ಕನಿಷ್ಠ ನಾಲ್ಕು ಪಟ್ಟು ಖರ್ಚಾಗಬೇಕು. ಗಾಯ 20 ಸೆಂಟಿಮೀಟರ್ ಇದ್ದರೆ 80 ಸೆಂಟಿಮೀಟರ್ ದಾರ ಒಳಗಿರಬೇಕು. ಉಳಿದ ತುಂಡುಗಳನ್ನು ಅಳೆದು ಕಳೆದರೆ ಲೆಕ್ಕ ಸಿಗುತ್ತದೆ. ಹೆಚ್ಚುವರಿ ಸಮಯ ಸರಾಸರಿ ನಾಲ್ಕು ನಿಮಿಷ. ಕೊನೆಯಲ್ಲಿ ಎಲ್ಲರಿಗೂ ಅವಸರ, ಹೊಟ್ಟೆ ಮುಚ್ಚುವುದನ್ನು ತೀರ ಕಿರಿಯರಿಗೆ ಬಿಟ್ಟು ಹೋಗುವ ರೂಢಿ ಬೇರೆ. ಆ ನಾಲ್ಕು ನಿಮಿಷವನ್ನೇ ಎಲ್ಲ ಕಡೆ ಉಳಿಸಲು ಹೋಗುವುದು.

ಪ್ರಶ್ನೆ: ಶುಕ್ರವಾರ ಆಪರೇಷನ್ ಬೇಡ, ರಾತ್ರಿ ಪಾಳಿ ಮಾಡಿದ ಸರ್ಜನ್ ಬೇಡ ಅನ್ನುತ್ತಾರೆ. ಸರ್ಜನ್‌ನ ಹುಟ್ಟುಹಬ್ಬದ ದಿನವೂ ಬೇಡವಂತೆ!

ಕೊನೆಯದೂ ತಮಾಷೆಯಲ್ಲ. ಅಮೆರಿಕದ ಹಿರಿಯ ನಾಗರಿಕರ 9,80,876 ತುರ್ತು ಆಪರೇಷನ್‌ಗಳನ್ನು ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ದಿನದ ಸಾವು ಸರ್ಜನ್‌ನ ಹುಟ್ಟುಹಬ್ಬದಂದು ಶೇ 6.9, ಬೇರೆ ದಿನ ಶೇ 5.6. ಗಮನ ಚೆದುರುವುದು ಎಷ್ಟು ಬೆಲೆ ತೆರಿಸಬಹುದು ಎಂಬುದಕ್ಕೆ ಅದು ಸುಳಿವು. ಸರ್ಜನ್‌ನ ಜಾತಕ ಕೇಳಿಕೊಂಡು ಹೋಗಬೇಡಿ. ರಾತ್ರಿ ಪಾಳಿಯ ಭಯಕ್ಕೆ ಆಧಾರ ಸಿಕ್ಕಿಲ್ಲ: ಒಂಟಾರಿಯೊದಲ್ಲಿ 2015ರಲ್ಲಿ ನೋಡಿದಾಗ, ನಡುರಾತ್ರಿಯ ನಂತರ ಕೆಲಸ ಮಾಡಿದ ವೈದ್ಯರು ಮರುದಿನ ಹಗಲು ಮಾಡಿದ ಆಪರೇಷನ್‌ಗಳಲ್ಲಿ ಸಾವು, ಮರುದಾಖಲಾತಿ, ತೊಡಕು ಸೇರಿ ಶೇ 22.2, ಬೇರೆ ದಿನ ಶೇ 22.4. ಶುಕ್ರವಾರದ ವಿಷಯದಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಇಂಗ್ಲೆಂಡಿನಲ್ಲಿ ಮೊದಲೇ ಗೊತ್ತುಮಾಡಿದ ಆಪರೇಷನ್‌ಗಳಲ್ಲಿ ಸೋಮವಾರಕ್ಕಿಂತ ಶುಕ್ರವಾರ ಮಾಡಿಸಿಕೊಂಡವರಲ್ಲಿ ಸಾವಿನ ಸಂಭವ ಶೇ 44 ಹೆಚ್ಚು ಎಂದು 2013ರಲ್ಲಿ ಕಂಡಿತ್ತು (ಒಟ್ಟು ಸಾವು ಕಡಿಮೆಯೇ ಎಂಬುದನ್ನು ಮರೆಯಬೇಡಿ). ಕರುಳಿನ ಆಪರೇಷನ್ ಬಗ್ಗೆ ಮೇಲೆ ಹೇಳಿದ್ದೇ ಇದಕ್ಕೂ ಒಪ್ಪುವ ವಿವರಣೆ: ಆಪರೇಷನ್ ಆದ ಮೇಲೆ ನಿಗಾ ಬೇಕಾದ ಮೊದಲ ಎರಡು ದಿನ ವಾರಾಂತ್ಯಕ್ಕೆ ಬೀಳುತ್ತವೆ, ಆಗ ಆಸ್ಪತ್ರೆಯಲ್ಲಿ ಸಿಬ್ಬಂದಿ ಕಡಿಮೆ.

ಪ್ರಶ್ನೆ: ಅಪೆಂಡಿಕ್ಸ್‌ಗೆ ಆಪರೇಷನ್ ಇಲ್ಲದೆ ಆಂಟಿಬಯಾಟಿಕ್ ಸಾಕೇ?

ಒಡೆದಿಲ್ಲದಿದ್ದರೆ ಸಾಕಾಗಬಹುದು. 1,552 ಜನರ ಮೇಲೆ ನಡೆದ 2020ರ 'ಕೋಡಾ' ಪ್ರಯೋಗದಲ್ಲಿ ಆಂಟಿಬಯಾಟಿಕ್ ಪಡೆದವರಲ್ಲಿ ಶೇ 29 ಜನಕ್ಕೆ 90 ದಿನದೊಳಗೆ ಆಪರೇಷನ್ ಬೇಕಾಯಿತು. ಮೂರು ನಾಲ್ಕು ವರ್ಷದ ಹೊತ್ತಿಗೆ ಅದು ಹೆಚ್ಚುಕಡಿಮೆ ಅರ್ಧ. ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಒಳಗೆ ಕಲ್ಲು ಕಂಡರೆ ಈ ದಾರಿ ಹಿಡಿಯದಿರುವುದು ಲೇಸು. ಅಂಥವರಲ್ಲಿ 90 ದಿನದ ಅಂಕಿಯೇ ಶೇ 41.

ಪ್ರಶ್ನೆ: ಆಪರೇಷನ್‌ಗೆ ಇನ್ನೂ ಐದು ವಾರ ಇದೆ. ಅಷ್ಟರಲ್ಲಿ ರೋಗಿ ತಾನೇ ಮಾಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಐದು ವಾರ ದೊಡ್ಡ ಅವಕಾಶ. ಬೀಡಿ, ಸಿಗರೇಟು ಇದ್ದರೆ ಇಂದೇ ಬಿಡಿ. ನಾಲ್ಕು ವಾರ ಬಿಟ್ಟಿದ್ದರೆ ಶ್ವಾಸಕೋಶದ ಮತ್ತು ಗಾಯದ ತೊಡಕು ಕಡಿಮೆಯಾಗುತ್ತದೆ. ಹಿಮೋಗ್ಲೋಬಿನ್ ಈಗಲೇ ನೋಡಿಸಿ, ಹಿಂದಿನ ದಿನ ನೋಡಿದರೆ ರಕ್ತ ಹಾಕುವುದೊಂದೇ ದಾರಿ ಉಳಿಯುತ್ತದೆ. ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ವಾರ, ವಾರಕ್ಕೆ ಮೂರು ಸಲ ಮೇಲ್ವಿಚಾರಣೆಯ ವ್ಯಾಯಾಮ, ಪ್ರೋಟೀನ್, ಮಾನಸಿಕ ಬೆಂಬಲ, ಧೂಮಪಾನ ಬಿಡಿಸುವುದು ಎಲ್ಲ ಸೇರಿಸಿದಾಗ ತೀವ್ರ ತೊಡಕು ಶೇ 29.7ರಿಂದ ಶೇ 17.1ಕ್ಕೆ ಇಳಿಯಿತು. ಕೇವಲ 251 ಜನರ ಪ್ರಯೋಗ, ಆದರೂ ಗಾತ್ರ ಗಮನಿಸಿ.

ಸಕ್ಕರೆ ಕಾಯಿಲೆಗೆ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ನಂಥ ಗುಳಿಗೆ ನುಂಗುತ್ತಿದ್ದರೆ ಅರಿವಳಿಕೆ ತಜ್ಞರಿಗೆ ಹೆಸರು ಹೇಳಿಯೇ ತಿಳಿಸಿ. ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ಮಾಮೂಲಾಗಿ ಕಾಣುತ್ತಿರುವಾಗಲೇ ರಕ್ತ ಆಮ್ಲೀಯವಾಗಿಬಿಡುವ ಅಪಾಯವಿದೆ, ಅದನ್ನು ಗುರುತಿಸುವುದು ಕಷ್ಟ. ಇನ್ನು ಹಿಂದಿನ ರಾತ್ರಿಯಿಂದ ನೀರೂ ಮುಟ್ಟದಿರುವ ಪದ್ಧತಿ ಹಳೆಯದು: ಹಗುರವಾದ ಆಹಾರ ಆರು ಗಂಟೆ ಮುಂಚಿನವರೆಗೆ, ಜಿಡ್ಡಿನದಾದರೆ ಎಂಟು, ನೀರು ಅಥವಾ ಹಾಲಿಲ್ಲದ ಕಾಫಿ, ಟೀ ಎರಡು ಗಂಟೆ ಮುಂಚಿನವರೆಗೆ. ಹಾಲು ಬೆರೆತರೆ ಅದು ನೀರಲ್ಲ, ಆಹಾರದ ಲೆಕ್ಕಕ್ಕೆ. ಹೊಟ್ಟೆ ಖಾಲಿಯಾಗುವುದು ನಿಧಾನವಾಗಿರುವ ಕಾಯಿಲೆಯವರಿಗೂ ತುರ್ತು ಆಪರೇಷನ್‌ಗೂ ಈ ಗಂಟೆಗಳು ಅನ್ವಯಿಸವು. ಅಲ್ಲಿ ಅರಿವಳಿಕೆ ತಜ್ಞರು ಹೇಳಿದ್ದೇ ಲೆಕ್ಕ.